ಸಾನ್ರೆಮೋ ಮತ್ತು ಯುದ್ಧಾನಂತರದ ಇಟಲಿಯ ಹಾಡಿನ ಸ್ಪರ್ಧೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

1951ರಿಂದ 1970ರ ದಶಕದ ನಡುಭಾಗದವರೆಗಿನ ಇಟಾಲಿಯನ್ ಜನಪ್ರಿಯ ಸಂಗೀತ, ಅದರ ಗಾಯಕ ಗಾಯಕಿಯರು ಮತ್ತು ಅವರನ್ನು ಬೆಳೆಸಿದ ಸ್ಪರ್ಧೆಗಳ ಬಗ್ಗೆ ಆಸಕ್ತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಹಾಡುಗಳ ಹೆಸರನ್ನು ಇಟಾಲಿಯನ್ ಉಚ್ಚಾರಣೆಗೆ ಆದಷ್ಟು ಹತ್ತಿರವಾಗಿ ಕೊಟ್ಟು, ಅಗತ್ಯವಿದ್ದ ಕಡೆ ಅರ್ಥವನ್ನೂ ಸೂಚಿಸಿದೆ.

ಸಾನ್ರೆಮೋ ಉತ್ಸವ ಹೇಗೆ ಆರಂಭವಾಯಿತು?

ಸಾನ್ರೆಮೋ ಇಟಲಿಯ ವಾಯವ್ಯ ಕರಾವಳಿಯ ಲಿಗೂರಿಯಾ ಪ್ರಾಂತದಲ್ಲಿ, ಫ್ರಾನ್ಸಿನ ಗಡಿಗೆ ಸಮೀಪದಲ್ಲಿರುವ ಒಂದು ಊರು. ಹೂವಿನ ಬೇಸಾಯ, ಹೂವಿನ ವ್ಯಾಪಾರ ಮತ್ತು ಒಂದು ಕ್ಯಾಸಿನೊ ಅದರ ಹಳೆಯ ಆಸರೆಗಳು. ಎರಡನೆಯ ಮಹಾಯುದ್ಧದ ನಂತರ ಊರಿಗೆ ಮತ್ತೆ ಪ್ರವಾಸಿಗಳನ್ನು ಸೆಳೆಯಲು ಏನು ಮಾಡಬೇಕೆಂಬ ಚರ್ಚೆ ನಡೆದಾಗ, ಅಮಿಲ್ಕಾರೆ ರಂಬಾಲ್ದಿ ಎಂಬ ಹೂವಿನ ವ್ಯಾಪಾರಿ ಹಾಡಿನ ಸ್ಪರ್ಧೆಯ ಸಲಹೆಯನ್ನು ಮುಂದಿಟ್ಟಿದ್ದರು. ಅದು ಕೈಗೂಡಲು ಕೆಲವು ವರ್ಷಗಳೇ ಬೇಕಾದವು. ಕೊನೆಗೆ ಕ್ಯಾಸಿನೊದ ಆಡಳಿತವೂ ಇಟಲಿಯ ಸರ್ಕಾರಿ ಪ್ರಸಾರ ಸಂಸ್ಥೆಯಾದ ರಾಯ್ ಕೂಡ ಕೈಜೋಡಿಸಿ, 1951ರ ಜನವರಿ 29ರಿಂದ 31ರವರೆಗೆ ಮೂರು ರಾತ್ರಿ ಮೊದಲ ಉತ್ಸವವನ್ನು ನಡೆಸಿದವು.

ಇಂದಿನ ವೈಭವವನ್ನು ಟಿವಿಯಲ್ಲಿ ನೋಡಿದವರಿಗೆ ಆ ಮೊದಲ ವರ್ಷದ ಚಿತ್ರವನ್ನು ಕಲ್ಪಿಸಿಕೊಳ್ಳುವುದು ಕಷ್ಟ. ಕ್ಯಾಸಿನೊದ ಸಭಾಂಗಣದಲ್ಲಿ ಅತಿಥಿಗಳು ಸಣ್ಣ ಸಣ್ಣ ಮೇಜುಗಳ ಸುತ್ತ ಕುಳಿತು ಊಟ ಮಾಡುತ್ತಿದ್ದರು, ಪರಿಚಾರಕರು ತಟ್ಟೆಗಳನ್ನು ಹಿಡಿದು ಓಡಾಡುತ್ತಿದ್ದರು, ಆ ಸದ್ದುಗಳ ನಡುವೆಯೇ ವೇದಿಕೆಯ ಮೇಲೆ ಹಾಡು ನಡೆಯುತ್ತಿತ್ತು. ಪ್ರಸಾರ ರೇಡಿಯೊದಲ್ಲಿ ಮಾತ್ರ. ನಿರೂಪಕ ನುನ್ಸಿಯೊ ಫಿಲೋಗಾಮೊ ಕೇಳುಗರನ್ನು "ಹತ್ತಿರದ ಮತ್ತು ದೂರದ ಪ್ರಿಯ ಸ್ನೇಹಿತರೇ" ಎಂದು ಸಂಬೋಧಿಸುತ್ತಿದ್ದ ರೀತಿ ಇಡೀ ದೇಶದಲ್ಲಿ ಮನೆಮಾತಾಯಿತು. ಸ್ಪರ್ಧೆಯಲ್ಲಿದ್ದದ್ದು 20 ಹಾಡುಗಳು. ಅಷ್ಟನ್ನೂ ಹಾಡಿದವರು ನಿಲ್ಲಾ ಪಿತ್ಸಿ, ಅಕಿಲ್ಲೆ ತೊಲ್ಯಾನಿ ಮತ್ತು ಫಸಾನೊ ಸೋದರಿಯರ ಜೋಡಿ, ಇಷ್ಟೇ ಜನ. ನಿಲ್ಲಾ ಪಿತ್ಸಿ ಹಾಡಿದ "ಗ್ರಾತ್ಸಿಯೆ ದೇಯಿ ಫಿಯೋರಿ", ಅಂದರೆ "ಹೂಗಳಿಗಾಗಿ ಕೃತಜ್ಞತೆ", ಮೊದಲ ಸ್ಥಾನ ಪಡೆಯಿತು. ಹೂವಿನ ಊರಿಗೆ ಇದಕ್ಕಿಂತ ಒಪ್ಪುವ ಹಾಡು ಸಿಗುತ್ತಿರಲಿಲ್ಲ. ಮರುವರ್ಷ ಅದೇ ಗಾಯಕಿ ಮೊದಲ ಮೂರೂ ಸ್ಥಾನಗಳನ್ನು ಗೆದ್ದುಕೊಂಡರು.

ಒಬ್ಬರೇ ಮೂರು ಸ್ಥಾನ ಗೆಲ್ಲುವುದು ಹೇಗೆ ಸಾಧ್ಯ? ಸ್ಪರ್ಧೆ ಗಾಯಕರ ನಡುವೆ ಅಲ್ಲವೇ?

ಅಲ್ಲ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ಕಾಲದ ಬಹುಪಾಲು ಗೊಂದಲಗಳು ತಾವಾಗಿಯೇ ಬಗೆಹರಿಯುತ್ತವೆ. ಉತ್ಸವದ ಅಧಿಕೃತ ಹೆಸರೇ "ಇಟಾಲಿಯನ್ ಹಾಡಿನ ಉತ್ಸವ". ಬಹುಮಾನ ಹಾಡಿಗೆ, ಅಂದರೆ ಅದನ್ನು ಬರೆದು ರಾಗ ಹಾಕಿದವರಿಗೆ ಸಲ್ಲಬೇಕು. ಗಾಯಕರು ಅದನ್ನು ತೀರ್ಪುಗಾರರ ಕಿವಿಗೆ ಮುಟ್ಟಿಸುವವರು ಮಾತ್ರ ಎಂಬ ತಿಳುವಳಿಕೆಯ ಮೇಲೆ ಅದು ನಿಂತಿತ್ತು.

ಈ ತತ್ತ್ವವನ್ನು ಇನ್ನಷ್ಟು ಬಿಗಿ ಮಾಡಲು 1953ರಿಂದ ಪ್ರತಿ ಹಾಡನ್ನೂ ಇಬ್ಬರು ಬೇರೆ ಬೇರೆ ಗಾಯಕರು, ಬೇರೆ ಬೇರೆ ವಾದ್ಯ ಸಂಯೋಜನೆಯಲ್ಲಿ ಹಾಡುವ ಪದ್ಧತಿ ಬಂತು. ಆ ವರ್ಷ ಒಂದು ಕಡೆ ಚಿನಿಕೊ ಆಂಜೆಲಿನಿಯವರ ಸಾಂಪ್ರದಾಯಿಕ ವಾದ್ಯವೃಂದವಿದ್ದರೆ, ಇನ್ನೊಂದು ಕಡೆ ಜಾಝ್ ಹಿನ್ನೆಲೆಯ ಅರ್ಮಾಂದೊ ತ್ರೊವಯೋಲಿಯವರ ವಾದ್ಯವೃಂದವಿತ್ತು. ಒಂದೇ ಹಾಡನ್ನು ಹಳೆಯ ರುಚಿಯಲ್ಲೂ ಹೊಸ ರುಚಿಯಲ್ಲೂ ಕೇಳಿದ ಮೇಲೆ ಉಳಿಯುವುದೇ ಹಾಡಿನ ನಿಜವಾದ ಸತ್ತ್ವ ಎಂಬುದು ಇದರ ಹಿಂದಿನ ತರ್ಕ. ಇದರಲ್ಲಿ ವ್ಯಾಪಾರದ ಲೆಕ್ಕಾಚಾರವೂ ಇಲ್ಲದಿರಲಿಲ್ಲ. ಎರಡು ಕಂಠ ಎಂದರೆ ಎರಡು ಧ್ವನಿಮುದ್ರಿಕೆ, ಎರಡು ಕಂಪನಿಗಳಿಗೆ ಮಾರಾಟ, ಹಾಡಿನ ಪ್ರಕಾಶಕನಿಗೆ ಎರಡೂ ಕಡೆಯಿಂದ ಆದಾಯ. ಈ ಜೋಡಿ ಗಾಯನದ ಪದ್ಧತಿ 1971ರವರೆಗೂ ಮುಂದುವರಿಯಿತು. ಆದ್ದರಿಂದಲೇ ವಿಜೇತರ ಪಟ್ಟಿಯಲ್ಲಿ ಆ ವರ್ಷಗಳಿಗೆಲ್ಲ ಸಾಮಾನ್ಯವಾಗಿ ಎರಡೆರಡು ಹೆಸರುಗಳು ಕಾಣುತ್ತವೆ. ಅವರು ಯುಗಳಗೀತೆ ಹಾಡಿದರೆಂದು ಅನೇಕರು ಭಾವಿಸುತ್ತಾರೆ, ಆದರೆ ಬಹುತೇಕ ಸಂದರ್ಭಗಳಲ್ಲಿ ಒಬ್ಬರು ಹಾಡಿ ಇಳಿದ ಮೇಲೆ ಮತ್ತೊಬ್ಬರು ಅದೇ ಹಾಡನ್ನು ಹಾಡುತ್ತಿದ್ದರು.

ಹಾಡು ಮುಖ್ಯ, ಗಾಯಕ ನಿಮಿತ್ತ ಎಂಬ ನಿಯಮ ಎಲ್ಲಿಯವರೆಗೆ ಹೋಗುತ್ತಿತ್ತು ಎಂಬುದಕ್ಕೆ 1955ರ ಅಂತಿಮ ರಾತ್ರಿಯೇ ಸಾಕ್ಷಿ. ಕ್ಲಾವ್ದಿಯೊ ವಿಲ್ಲಾ ಅನಾರೋಗ್ಯದಿಂದ ವೇದಿಕೆಗೆ ಬರಲಾಗಲಿಲ್ಲ. ಅವರ ಬದಲಿಗೆ ಧ್ವನಿಮುದ್ರಿಕೆಯನ್ನೇ ನುಡಿಸಲಾಯಿತು, ಹಾಡು ಗೆದ್ದೇಬಿಟ್ಟಿತು. ಹಾಡಿನ ಹೆಸರು "ಬುವೊಂಜೋರ್ನೊ ತ್ರಿಸ್ತೆತ್ಸಾ". ಉತ್ಸವ ಟಿವಿಯಲ್ಲಿ ಮೊದಲ ಬಾರಿಗೆ ಪ್ರಸಾರವಾದದ್ದೂ ಅದೇ ವರ್ಷ. ರಾಯ್ ಸಂಸ್ಥೆಯ ಟಿವಿ ಸೇವೆ ಶುರುವಾಗಿ ಆಗ ಒಂದು ವರ್ಷವಷ್ಟೇ ಆಗಿತ್ತು.

ಆ ಕಾಲದ ಹಾಡುಗಳು ಸಿನಿಮಾ ಹಾಡುಗಳೇ?

ಕನ್ನಡದಲ್ಲಿ ಜನಪ್ರಿಯ ಹಾಡು ಎಂದರೆ ಬಹಳ ಮಟ್ಟಿಗೆ ಚಿತ್ರಗೀತೆಯೇ ಆಗಿರುವುದರಿಂದ ಈ ಪ್ರಶ್ನೆ ಸಹಜ. ಇಟಲಿಯಲ್ಲಿ ದಾರಿ ತಿರುಗುಮುರುಗಾಗಿತ್ತು. ಹಾಡು ಮೊದಲು ಸ್ಪರ್ಧೆಯಲ್ಲಿ, ರೇಡಿಯೊದಲ್ಲಿ, 45 ಆರ್‌ಪಿಎಂ ಪುಟ್ಟ ತಟ್ಟೆಯಲ್ಲಿ ಮತ್ತು ಬಾರ್‌ಗಳ ಜೂಕ್‌ಬಾಕ್ಸ್‌ನಲ್ಲಿ ಹೆಸರು ಮಾಡುತ್ತಿತ್ತು. ಆಮೇಲೆ ಅದರ ಸುತ್ತ ಒಂದು ತೆಳು ಕಥೆ ಹೆಣೆದು, ಅದೇ ಗಾಯಕನನ್ನೇ ನಾಯಕನನ್ನಾಗಿಸಿ ಚಿತ್ರ ತೆಗೆಯುತ್ತಿದ್ದರು. ಇಂಥ ಚಿತ್ರಗಳನ್ನು ಇಟಾಲಿಯನ್ನರು ಮುಸಿಕಾರೆಲ್ಲೊ ಎಂದು ಕರೆಯುತ್ತಾರೆ. ಜಾನ್ನಿ ಮೊರಾಂದಿಯ "ಇನ್ ಜಿನೊಕ್ಕಿಯೊ ದಾ ತೆ" 1964ರಲ್ಲಿ ಹಾಡಾಗಿ ಗೆದ್ದಿತು, ಅದೇ ಹೆಸರಿನ ಚಿತ್ರವೂ ಆಯಿತು. ಕಥೆಯ ದೃಷ್ಟಿಯಿಂದ ಇವುಗಳಲ್ಲಿ ಹೆಚ್ಚಿನವನ್ನು ಇಂದು ನೋಡುವುದು ಸಹನೆಯ ಪರೀಕ್ಷೆ. ಆದರೆ ಆ ಕಾಲದ ಉಡುಪು, ಸ್ಕೂಟರು, ಕಡಲತೀರ, ಜೂಕ್‌ಬಾಕ್ಸ್ ಎಲ್ಲವೂ ಅಲ್ಲಿ ಹಾಗೆಯೇ ಉಳಿದುಕೊಂಡಿವೆ.

1958ನ್ನು ತಿರುವಿನ ವರ್ಷ ಎಂದು ಎಲ್ಲರೂ ಹೇಳುವುದೇಕೆ?

ಡೊಮೆನಿಕೊ ಮೊದುನ್ಯೊ ಅವರ "ನೆಲ್ ಬ್ಲು ದಿಪಿಂತೊ ದಿ ಬ್ಲು" ಹಾಡಿನಿಂದಾಗಿ. ಜಗತ್ತಿಗೆ ಅದು "ವೊಲಾರೆ" ಎಂದೇ ಪರಿಚಿತ. ಅದರ ಮಹತ್ತ್ವ ತಿಳಿಯಬೇಕಾದರೆ ಅದಕ್ಕಿಂತ ಹಿಂದಿನ ಹಾಡುಗಳನ್ನು ಸ್ವಲ್ಪ ಕೇಳಬೇಕು. 1950ರ ದಶಕದ ಮೊದಲರ್ಧದ ಗೆದ್ದ ಹಾಡುಗಳಲ್ಲಿ ತಾಯಂದಿರು, ಪಾರಿವಾಳಗಳು, ಶರತ್ಕಾಲದ ಬೀದಿಗಳು, ಕಣ್ಣೀರು ಮತ್ತು ಪ್ರಾರ್ಥನೆ ತುಂಬಿಕೊಂಡಿದ್ದವು. ಗಾಯಕರು ಮೈಕಿನ ಮುಂದೆ ನೆಟ್ಟಗೆ ನಿಂತು, ಕೈಯನ್ನು ಎದೆಯ ಮೇಲಿಟ್ಟು, ಒಪೆರಾದ ನೆರಳಿನಲ್ಲಿ ಬೆಳೆದ ತುಂಬು ಕಂಠದಲ್ಲಿ ಹಾಡುತ್ತಿದ್ದರು. ಅವುಗಳಲ್ಲಿ ಒಳ್ಳೆಯವೂ ಇದ್ದವು. 1952ರ "ವೋಲಾ ಕೊಲೊಂಬಾ" ಮೇಲ್ನೋಟಕ್ಕೆ ಅಗಲಿದ ಪ್ರೇಮಿಗಳ ಹಾಡು, ಆದರೆ ಯುದ್ಧಾನಂತರ ಇನ್ನೂ ಇಟಲಿಗೆ ಮರಳದಿದ್ದ ತ್ರಿಯೆಸ್ತೆ ನಗರದ ನೋವನ್ನು ಅದರಲ್ಲಿ ಎಲ್ಲರೂ ಗುರುತಿಸಿದ್ದರು. ಆದರೂ ಒಟ್ಟಾರೆ ಗಾಳಿ ಹಳೆಯದಾಗಿತ್ತು.

ಮೊದುನ್ಯೊ ಹುಟ್ಟಿದ್ದು 1928ರಲ್ಲಿ, ಪುಲಿಯಾದ ಪೊಲಿನ್ಯಾನೊ ಆ ಮಾರೆ ಎಂಬ ಕಡಲ ದಂಡೆಯ ಊರಿನಲ್ಲಿ. ನಟನಾಗಬೇಕೆಂದು ರೋಮ್‌ಗೆ ಹೋದವರು, ದಕ್ಷಿಣದ ಆಡುಭಾಷೆಗಳಲ್ಲಿ ಹಾಡು ಕಟ್ಟಿ ಹಾಡುತ್ತಿದ್ದವರು. ಈ ಹಾಡಿನ ಸಾಹಿತ್ಯವನ್ನು ಅವರು ಫ್ರಾಂಕೊ ಮಿಲ್ಯಾಚಿಯವರ ಜೊತೆ ಸೇರಿ ಬರೆದರು, ರಾಗ ತಾವೇ ಹಾಕಿದರು. ಶಗಾಲ್ ಅವರ ವರ್ಣಚಿತ್ರಗಳ ಮುದ್ರಿತ ಪ್ರತಿಗಳನ್ನು ನೋಡುತ್ತಿದ್ದಾಗ ಕಲ್ಪನೆ ಹೊಳೆಯಿತೆಂದು ಮಿಲ್ಯಾಚಿ ಹೇಳಿಕೊಂಡಿದ್ದಾರೆ. ಒಬ್ಬ ಮನುಷ್ಯ ಕನಸಿನಲ್ಲಿ ತನ್ನ ಮುಖಕ್ಕೂ ಕೈಗಳಿಗೂ ನೀಲಿ ಬಣ್ಣ ಬಳಿದುಕೊಳ್ಳುತ್ತಾನೆ, ಇದ್ದಕ್ಕಿದ್ದಂತೆ ಗಾಳಿ ಅವನನ್ನು ಎತ್ತಿಕೊಂಡು ಹೋಗುತ್ತದೆ, ಅವನು ಕೊನೆಯಿಲ್ಲದ ಆಕಾಶದಲ್ಲಿ ಹಾರತೊಡಗುತ್ತಾನೆ. ಅಮ್ಮನಿಲ್ಲ, ಚರ್ಚಿನ ಗಂಟೆಯಿಲ್ಲ, ವಿರಹವಿಲ್ಲ. ಪಲ್ಲವಿಯಲ್ಲಿ ಮೊದುನ್ಯೊ ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿದರು. ಇಂದು ಸಣ್ಣದೆನಿಸುವ ಆ ಚಲನೆ, ಎದೆಯಿಂದ ಕೈ ತೆಗೆಯದ ಗಾಯಕರನ್ನೇ ನೋಡಿದ್ದ ಸಭೆಗೆ ಬೆರಗು ಹುಟ್ಟಿಸಿತು.

ಹಾಡು ಗೆದ್ದಿತು. ಹಿಲ್ವರ್ಸಮ್‌ನಲ್ಲಿ ನಡೆದ ಯೂರೋವಿಷನ್, ಅಂದರೆ ಯುರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆಯಲ್ಲಿ ಅದಕ್ಕೆ ದಕ್ಕಿದ್ದು ಮೂರನೆಯ ಸ್ಥಾನ ಮಾತ್ರ. ಆದರೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 5 ವಾರ ಮೊದಲ ಸ್ಥಾನದಲ್ಲಿ ನಿಂತಿತು, ಅದೂ ಇಟಾಲಿಯನ್ ಭಾಷೆಯಲ್ಲೇ. 1959ರಲ್ಲಿ ಗ್ರ್ಯಾಮಿ ಪ್ರಶಸ್ತಿಗಳನ್ನು ಮೊಟ್ಟಮೊದಲು ಕೊಟ್ಟಾಗ ವರ್ಷದ ಧ್ವನಿಮುದ್ರಿಕೆ ಮತ್ತು ವರ್ಷದ ಹಾಡು ಎರಡೂ ಇದರ ಪಾಲಾದವು. ಅಂದ ಹಾಗೆ, ಸಾನ್ರೆಮೋ ವೇದಿಕೆಯಲ್ಲಿ ಇದೇ ಹಾಡನ್ನು ಹಾಡಿದ ಇನ್ನೊಬ್ಬರು ಜಾನಿ ದೊರೆಲ್ಲಿ. ಅಧಿಕೃತವಾಗಿ ಅವರೂ ವಿಜೇತರೇ, ಒಳ್ಳೆಯ ಗಾಯಕರೂ ಹೌದು, ಆದರೆ ಅವರ ಗಾಯನ ಯಾರ ನೆನಪಿಗೂ ಬರುವುದಿಲ್ಲ. ಬರೆದವನೇ ಹಾಡಿದಾಗ ಹಾಡನ್ನೂ ಗಾಯಕನನ್ನೂ ಬೇರ್ಪಡಿಸಲಾಗದು ಎಂಬುದು ಅಂದು ಬಯಲಾಯಿತು. ಉತ್ಸವದ ನಿಯಮದ ಬುಡವೇ ಅಲ್ಲಾಡಿತು, ಆದರೂ ನಿಯಮ ಇನ್ನೂ ಹದಿಮೂರು ವರ್ಷ ಬದುಕಿತು.

"ಕಿರುಚುವವರು" ಎಂದು ಪತ್ರಿಕೆಗಳು ಕರೆದದ್ದು ಯಾರನ್ನು?

1950ರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಕೇಳುತ್ತ ಬೆಳೆದ ಹೊಸ ಗಾಯಕರನ್ನು. ಇಟಾಲಿಯನ್ ಭಾಷೆಯಲ್ಲಿ ಉರ್ಲತೋರಿ. "ಕೊಮೆ ಪ್ರೀಮಾ" ಹಾಡಿನ ತೋನಿ ದಲ್ಲಾರಾ ಇವರಲ್ಲಿ ಮೊದಲಿಗರು. ಹೆಸರಿನಲ್ಲಿ ಅಣಕವಿತ್ತು, ಆದರೆ ಆ ಹೆಸರು ಅವರ ಮಾರಾಟಕ್ಕೆ ಅನುಕೂಲವನ್ನೇ ಮಾಡಿತು.

ಆಡ್ರಿಯಾನೊ ಚೆಲೆಂಟಾನೊ ಮಿಲಾನಿನ ಗ್ಲುಕ್ ಬೀದಿಯಲ್ಲಿ, ಪುಲಿಯಾದಿಂದ ವಲಸೆ ಬಂದ ಕುಟುಂಬದಲ್ಲಿ 1938ರಲ್ಲಿ ಹುಟ್ಟಿದವರು. 1961ರಲ್ಲಿ ಸಾನ್ರೆಮೋ ವೇದಿಕೆಗೆ ಬಂದಾಗ ಅವರು ಕಡ್ಡಾಯ ಸೈನಿಕ ಸೇವೆಯಲ್ಲಿದ್ದರು, ವಿಶೇಷ ಅನುಮತಿ ಪಡೆದು ಬಂದಿದ್ದರು. "ವೆಂತಿಕ್ವಾತ್ರೊಮಿಲಾ ಬಾಚಿ", ಅಂದರೆ "24,000 ಮುತ್ತುಗಳು" ಹಾಡನ್ನು ಸಭಿಕರಿಗೆ ಬೆನ್ನು ತೋರಿಸಿಕೊಂಡು ಆರಂಭಿಸಿದರು. ಅಸಭ್ಯತೆ ಎಂದು ಗದ್ದಲವೆದ್ದಿತು. ಹಾಡು ಎರಡನೆಯ ಸ್ಥಾನ ಪಡೆಯಿತು. ಆ ವರ್ಷ ಗೆದ್ದ "ಅಲ್ ದಿ ಲಾ"ಗಿಂತ ಹೆಚ್ಚಾಗಿ ಇಂದು ನೆನಪಾಗುವುದು ಅದೇ. ಅದೇ ವರ್ಷ ಚೆಲೆಂಟಾನೊ "ಕ್ಲಾನ್" ಎಂಬ ಸ್ವಂತ ಧ್ವನಿಮುದ್ರಣ ಸಂಸ್ಥೆಯನ್ನು ಕಟ್ಟಿದರು.

ಮೀನಾ ಅವರದು ಬೇರೆಯೇ ಎತ್ತರ. 1940ರಲ್ಲಿ ಹುಟ್ಟಿ ಕ್ರೆಮೋನಾದಲ್ಲಿ ಬೆಳೆದ ಈಕೆಯನ್ನು "ಕ್ರೆಮೋನಾದ ಹೆಣ್ಣುಹುಲಿ" ಎಂದು ಕರೆದರು. 1961ರಲ್ಲಿ ಸಾನ್ರೆಮೋದಲ್ಲಿ "ಲೆ ಮಿಲ್ಲೆ ಬೊಲ್ಲೆ ಬ್ಲು" ಎಂಬ ನೊರೆಗುಳ್ಳೆಯಂಥ ಹಾಡನ್ನು ಬೆರಳಿನಿಂದ ತುಟಿ ಮೀಟುತ್ತ ಹಾಡಿದರು. ಐದನೆಯ ಸ್ಥಾನ ಬಂತು. ಆಮೇಲೆ ಅವರು ಆ ಸ್ಪರ್ಧೆಗೆ ಮತ್ತೆಂದೂ ಇಳಿಯಲಿಲ್ಲ. ಇಟಲಿಯ ಶ್ರೇಷ್ಠ ಗಾಯಕಿ ಎಂದು ಹೆಚ್ಚಿನವರು ಒಪ್ಪುವ ಕಂಠವೊಂದು ದೇಶದ ಅತಿ ದೊಡ್ಡ ಸ್ಪರ್ಧೆಯನ್ನು ಒಮ್ಮೆಯೂ ಗೆಲ್ಲದೆ, ಅದರ ಹಂಗಿಲ್ಲದೆ ಬೆಳೆಯಿತು. ವಿವಾಹಿತ ನಟನೊಬ್ಬನೊಂದಿಗಿನ ಸಂಬಂಧದಿಂದ 1963ರಲ್ಲಿ ಮಗು ಹುಟ್ಟಿದಾಗ ರಾಯ್ ಅವರನ್ನು ಪರದೆಯಿಂದ ದೂರವಿಟ್ಟಿತು. ಇಟಲಿಯಲ್ಲಿ ವಿಚ್ಛೇದನದ ಕಾನೂನೇ ಇರದಿದ್ದ ಕಾಲವದು. ಜನರ ಒಲವು ಕುಂದಲಿಲ್ಲವಾದ್ದರಿಂದ 1964ರಲ್ಲಿ ಅವರನ್ನು ಮರಳಿ ಕರೆಯಬೇಕಾಯಿತು. 1978ರಲ್ಲಿ ಅವರು ವೇದಿಕೆಯನ್ನು ಪೂರ್ತಿಯಾಗಿ ಬಿಟ್ಟರು, ಧ್ವನಿಮುದ್ರಣವನ್ನು ಬಿಡಲಿಲ್ಲ.

ಯೂರೋವಿಷನ್‌ಗೂ ಸಾನ್ರೆಮೋಗೂ ಏನು ಸಂಬಂಧ?

1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಆರಂಭವಾದ ಯೂರೋವಿಷನ್‌ಗೆ ಸಾನ್ರೆಮೋ ಮಾದರಿಯಾಗಿತ್ತು. ಅನೇಕ ವರ್ಷಗಳ ಕಾಲ ಸಾನ್ರೆಮೋದಲ್ಲಿ ಗೆದ್ದ ಹಾಡೇ ಇಟಲಿಯ ಪರವಾಗಿ ಅಲ್ಲಿಗೆ ಹೋಗುತ್ತಿತ್ತು. ಇಟಲಿ ಮೊದಲ ಬಾರಿ ಗೆದ್ದದ್ದು 1964ರಲ್ಲಿ, ಕೋಪನ್‌ಹೇಗನ್‌ನಲ್ಲಿ. ವೆರೋನಾದ 16 ವರ್ಷದ ಜಿಲ್ಯೋಲಾ ಚಿಂಕ್ವೆತ್ತಿ "ನೋನ್ ಓ ಲೆತಾ", ಅಂದರೆ "ನನಗಿನ್ನೂ ಆ ವಯಸ್ಸಾಗಿಲ್ಲ" ಎಂಬ ಹಾಡಿಗೆ 49 ಅಂಕ ಪಡೆದರು. ಎರಡನೆಯ ಸ್ಥಾನದ ಬ್ರಿಟನ್ನಿಗೆ ಬಂದದ್ದು 17. ಅವರು ಅದಕ್ಕೂ ಹಿಂದಿನ ವರ್ಷ ಕಾಸ್ತ್ರೊಕಾರೊ ಎಂಬ ಊರಿನ ಹೊಸ ಕಂಠಗಳ ಸ್ಪರ್ಧೆಯನ್ನು ಗೆದ್ದು ಸಾನ್ರೆಮೋ ಪ್ರವೇಶಿಸಿದ್ದರು.

ಎರಡು ವರ್ಷಗಳ ಬಳಿಕ, 1966ರಲ್ಲಿ, ಸಾನ್ರೆಮೋ ಗೆದ್ದ "ದಿಯೊ ಕೊಮೆ ತಿ ಆಮೊ" ಹಾಡನ್ನು ಲಕ್ಸೆಂಬರ್ಗಿನಲ್ಲಿ ಮೊದುನ್ಯೊ ಹಾಡಿದಾಗ ಸೊನ್ನೆ ಅಂಕ ಬಂತು. ಅದೇ ಹಾಡು ಬೇರೆ ಬೇರೆ ದೇಶಗಳಲ್ಲಿ ಇಂದಿಗೂ ಹಾಡಿಕೆಯಲ್ಲಿದೆ. ತೀರ್ಪುಗಾರರನ್ನು ಎಷ್ಟು ನಂಬಬೇಕೆಂಬುದನ್ನು ಓದುಗರೇ ನಿರ್ಧರಿಸಲಿ.

1974ರ ಒಂದು ಪ್ರಸಂಗವನ್ನೂ ಇಲ್ಲಿ ಹೇಳಬೇಕು. ಬ್ರೈಟನ್ನಿನಲ್ಲಿ ಅಬ್ಬಾ ತಂಡ ಗೆದ್ದ ವರ್ಷ ಎರಡನೆಯ ಸ್ಥಾನ ಪಡೆದದ್ದು ಇದೇ ಚಿಂಕ್ವೆತ್ತಿ. ಹಾಡಿನ ಹೆಸರು "ಸೀ", ಅಂದರೆ "ಹೌದು". ವಿಚ್ಛೇದನದ ಕಾನೂನನ್ನು ರದ್ದುಪಡಿಸಬೇಕೇ ಎಂಬ ಜನಮತಗಣನೆ ಇಟಲಿಯಲ್ಲಿ ಮುಂದಿನ ತಿಂಗಳು ನಡೆಯಲಿತ್ತು. ಪಲ್ಲವಿಯಲ್ಲಿ ಮತ್ತೆ ಮತ್ತೆ ಬರುವ "ಹೌದು" ಮತದಾರರ ಮೇಲೆ ಪ್ರಭಾವ ಬೀರೀತೆಂಬ ಅಂಜಿಕೆಯಿಂದ ರಾಯ್ ಸ್ಪರ್ಧೆಯನ್ನು ಆಗ ಪ್ರಸಾರ ಮಾಡದೆ ಮುಂದೂಡಿತು. ಮತದಾರರು ಕೊನೆಗೆ ಒತ್ತಿದ್ದು "ಇಲ್ಲ" ಎಂಬುದನ್ನೇ.

ಗೆದ್ದ ಹಾಡುಗಳೇ ಜನರ ಬಾಯಲ್ಲಿ ಉಳಿದವೇ?

ಕೆಲವು ಉಳಿದವು. ಆದರೆ ವಿಜೇತರ ಪಟ್ಟಿಯೊಂದನ್ನೇ ಹಿಡಿದು ಆ ಕಾಲದ ಸಂಗೀತವನ್ನು ಅಳೆಯಲು ಹೊರಟರೆ ದಾರಿ ತಪ್ಪುವುದು ಖಂಡಿತ.

1966ರಲ್ಲಿ ಚೆಲೆಂಟಾನೊ ತಾನು ಹುಟ್ಟಿ ಬೆಳೆದ ಬೀದಿಯ ಬಗ್ಗೆ "ಇಲ್ ರಗಾತ್ಸೊ ದೆಲ್ಲಾ ವಿಯಾ ಗ್ಲುಕ್" ಹಾಡನ್ನು ತಂದರು. ಊರ ಅಂಚಿನ ಹುಲ್ಲುಗಾವಲಿನಲ್ಲಿ ಆಡಿದ ಹುಡುಗ ವರ್ಷಗಳ ನಂತರ ಹಣ ಮಾಡಿಕೊಂಡು ಮರಳಿ ಬಂದರೆ ಅಲ್ಲಿ ಮನೆಗಳ ಮೇಲೆ ಮನೆ, ಬರೀ ಕಾಂಕ್ರೀಟು. ಇಟಲಿಯ ಆರ್ಥಿಕ ಪವಾಡದ ವರ್ಷಗಳಲ್ಲಿ ಮಿಲಾನ್ ಹೇಗೆ ಊದಿಕೊಂಡಿತೆಂಬುದನ್ನು ಇಷ್ಟು ನೇರವಾಗಿ ಹೇಳಿದ ಬೇರೊಂದು ಜನಪ್ರಿಯ ಹಾಡು ಆಗ ಇರಲಿಲ್ಲ. ತೀರ್ಪುಗಾರರು ಅದನ್ನು ಮೊದಲ ಸುತ್ತಿನಲ್ಲೇ ಹೊರಹಾಕಿದರು. ಇಂದು ಇಟಲಿಯ ಶಾಲೆಯ ಮಕ್ಕಳಿಗೂ ಅದು ಗೊತ್ತು.

ಬಾಬಿ ಸೋಲೊ 1964ರಲ್ಲಿ "ಉನಾ ಲಾಕ್ರಿಮಾ ಸುಲ್ ವೀಸೊ" ಹಾಡುವ ಹೊತ್ತಿಗೆ ಗಂಟಲು ಕೆಟ್ಟಿತ್ತು. ಧ್ವನಿಮುದ್ರಿಕೆಗೆ ತುಟಿ ಅಲ್ಲಾಡಿಸಿದ್ದರಿಂದ ನಿಯಮದಂತೆ ಸ್ಪರ್ಧೆಯಿಂದ ಹೊರಬಿದ್ದರು. ಒಂಬತ್ತು ವರ್ಷಗಳ ಹಿಂದೆ ಧ್ವನಿಮುದ್ರಿಕೆಯಿಂದಲೇ ವಿಲ್ಲಾ ಗೆದ್ದಿದ್ದರು ಎಂಬುದನ್ನು ಇಲ್ಲಿ ನೆನೆಯದಿರಲಾಗದು. ಸೋಲೊನ ತಟ್ಟೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಪೀನೊ ದೊನಾಜ್ಜೊ ಅವರ "ಯೊ ಕೆ ನೋನ್ ವೀವೊ" 1965ರಲ್ಲಿ ಅಂತಿಮ ಸುತ್ತು ತಲುಪಿತು, ಗೆಲ್ಲಲಿಲ್ಲ. ಆದರೆ ಅದೇ ಉತ್ಸವದಲ್ಲಿ ಸ್ಪರ್ಧಿಸಿ ಅಂತಿಮ ಸುತ್ತಿಗೂ ಬರಲಾಗದಿದ್ದ ಇಂಗ್ಲಿಷ್ ಗಾಯಕಿ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅದನ್ನು ಕೇಳಿ ಮನಸೋತರು. ಮರುವರ್ಷ ಇಂಗ್ಲಿಷ್ ಸಾಹಿತ್ಯದೊಂದಿಗೆ ಅವರು ಹಾಡಿದ ರೂಪ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು, ಆಮೇಲೆ ಎಲ್ವಿಸ್ ಪ್ರೆಸ್ಲಿಯೂ ಹಾಡಿದರು. ಸೋತ ಹಾಡನ್ನು ಸೋತ ಗಾಯಕಿ ಎತ್ತಿಕೊಂಡು ಜಗತ್ತಿಗೆ ಮುಟ್ಟಿಸಿದ ಈ ಕಥೆಯಲ್ಲಿ ತೀರ್ಪುಗಾರರಿಗೆ ಯಾವ ಪಾತ್ರವೂ ಇಲ್ಲ. ದೊನಾಜ್ಜೊ ಮುಂದೆ ಚಲನಚಿತ್ರ ಸಂಗೀತ ನಿರ್ದೇಶಕರಾದರು.

ಇನ್ನು ಲುಚಿಯೊ ಬತ್ತಿಸ್ತಿ. 1970ರ ದಶಕದ ಇಟಾಲಿಯನ್ ಹಾಡಿನ ದಿಕ್ಕನ್ನೇ ಬದಲಿಸಿದ ಈತ ಗಾಯಕನಾಗಿ ಸಾನ್ರೆಮೋಗೆ ಬಂದದ್ದು ಒಂದೇ ಬಾರಿ, 1969ರಲ್ಲಿ. "ಉನ್ ಅವೆಂತೂರಾ" ಹಾಡಿಗೆ ಸಿಕ್ಕಿದ್ದು ಒಂಬತ್ತನೆಯ ಸ್ಥಾನ.

ಲುಯಿಜಿ ತೆಂಕೊ ಅವರಿಗೆ ಏನಾಯಿತು?

1960ರ ಸುಮಾರಿಗೆ ಜಿನೋವಾ ನಗರದ ಸುತ್ತ ಕೆಲವು ಯುವಕರು ತಮ್ಮ ಹಾಡನ್ನು ತಾವೇ ಬರೆದು ಹಾಡತೊಡಗಿದ್ದರು: ಜೀನೊ ಪಾವೊಲಿ, ಉಂಬೆರ್ತೊ ಬಿಂದಿ, ಬ್ರೂನೊ ಲಾವುತ್ಸಿ, ಫಬ್ರಿತ್ಸಿಯೊ ದೆ ಆಂದ್ರೆ ಮತ್ತು ತೆಂಕೊ. ಫ್ರೆಂಚ್ ಹಾಡುಗಬ್ಬ ಮತ್ತು ಜಾಝ್ ಅವರ ಪ್ರೇರಣೆ. ಇಂಥವರಿಗೆ ಇಟಾಲಿಯನ್ ಭಾಷೆಯಲ್ಲಿ ಕಾಂತಾವುತೋರೆ ಎಂಬ ಹೆಸರು ಬಿತ್ತು. ಮಾತಿನ ಧಾಟಿಯಲ್ಲಿ, ಅಲಂಕಾರವಿಲ್ಲದೆ, ಬೇಸರವನ್ನೂ ಒಂಟಿತನವನ್ನೂ ಹಾಗೆಯೇ ಹೇಳುವ ಈ ಹಾಡುಗಳಿಗೆ ಮೂರು ರಾತ್ರಿಗಳ ಸ್ಪರ್ಧೆ ಸರಿಯಾದ ಜಾಗವಾಗಿರಲಿಲ್ಲ.

ತೆಂಕೊ 1967ರಲ್ಲಿ "ಚಾವೊ ಅಮೋರೆ ಚಾವೊ" ಹಾಡಿನೊಂದಿಗೆ ಬಂದರು. ಹೊಲ ಬಿಟ್ಟು ನಗರಕ್ಕೆ ಹೋಗುವವನ ದಿಗ್ಭ್ರಮೆ ಅದರ ವಸ್ತು. ಜೋಡಿ ಗಾಯಕಿ ಫ್ರಾನ್ಸಿನಲ್ಲಿ ಆಗಲೇ ಹೆಸರಾಗಿದ್ದ ದಲೀದಾ. ಹಾಡು ಅಂತಿಮ ಸುತ್ತಿಗೆ ಆಯ್ಕೆಯಾಗಲಿಲ್ಲ. ಜನವರಿ 27ರ ನಸುಕಿನಲ್ಲಿ ತೆಂಕೊ ಹೋಟೆಲ್ ಸವೊಯ್‌ನ ತಮ್ಮ ಕೋಣೆಯಲ್ಲಿ ಪ್ರಾಣ ಕಳೆದುಕೊಂಡಿದ್ದರು. ಅವರಿಗೆ 28 ವರ್ಷ. ಬರೆದಿಟ್ಟ ಚೀಟಿಯಲ್ಲಿ ಜನರ ಮತ್ತು ಆಯ್ಕೆ ಸಮಿತಿಯ ತೀರ್ಪುಗಳ ವಿರುದ್ಧ ಪ್ರತಿಭಟನೆಯ ಮಾತುಗಳಿದ್ದವು. ಸಾವಿನ ಬಗ್ಗೆ ದಶಕಗಳ ಕಾಲ ಸಂಶಯಗಳು ಹರಿದಾಡಿದ್ದರಿಂದ 2000ದ ದಶಕದಲ್ಲಿ ಪ್ರಕರಣವನ್ನು ಮತ್ತೆ ತೆರೆಯಲಾಯಿತು. ಆತ್ಮಹತ್ಯೆ ಎಂಬ ಮೊದಲ ನಿರ್ಣಯವೇ ಉಳಿಯಿತು. ಇಂಥ ಸಾವಿಗೆ ಒಂದು ಸೋಲನ್ನೇ ಕಾರಣವೆನ್ನುವುದು ಸರಿಯಲ್ಲ. ಆದರೆ ಉತ್ಸವ ಒಂದು ರಾತ್ರಿಯೂ ನಿಲ್ಲಲಿಲ್ಲ ಎಂಬುದನ್ನು ಇಟಲಿ ಮರೆತಿಲ್ಲ.

ಹಿಂದೆ ಹೇಳಿದ ಹೂವಿನ ವ್ಯಾಪಾರಿ ರಂಬಾಲ್ದಿ 1972ರಲ್ಲಿ ಅದೇ ಊರಿನಲ್ಲಿ ಕ್ಲುಬ್ ತೆಂಕೊ ಎಂಬ ಸಂಘವನ್ನು ಸ್ಥಾಪಿಸಿದರು. 1974ರಿಂದ ಅದು ಬರೆದು ಹಾಡುವವರಿಗೆ ಪ್ರಶಸ್ತಿ ಕೊಡುತ್ತಿದೆ.

ಸಾನ್ರೆಮೋ ಹೊರತಾಗಿ ಬೇರೆ ಯಾವ ಸ್ಪರ್ಧೆಗಳಿದ್ದವು?

ಬಹಳ. ನೇಪಲ್ಸ್ ನಗರದ ಸ್ವಂತ ಉತ್ಸವ 1952ರಲ್ಲಿ ಆರಂಭವಾಗಿ 1970ರವರೆಗೆ ನೇಪಲ್ಸಿನ ಆಡುಭಾಷೆಯ ಹಾಡುಗಳಿಗೆ ವೇದಿಕೆಯಾಯಿತು. ಉಳಿದವುಗಳಲ್ಲಿ ಮೂರರ ಕಾರ್ಯವಿಧಾನ ಕುತೂಹಲಕರ.

1962ರಲ್ಲಿ ಎತ್ಸಿಯೊ ರದಾಯೆಲ್ಲಿ ಆರಂಭಿಸಿದ ಕಾಂತಾಜೀರೊ, ಇಟಲಿಯ ಹೆಸರಾಂತ ಸೈಕಲ್ ಪಂದ್ಯವಾದ ಜೀರೊ ದಿತಾಲಿಯಾದ ಮಾದರಿಯಲ್ಲಿತ್ತು. ಗಾಯಕರು ಕಾರುಗಳ ಸಾಲಿನಲ್ಲಿ ಊರಿಂದೂರಿಗೆ ಹೋಗುತ್ತಿದ್ದರು, ರಸ್ತೆಯ ಇಕ್ಕೆಲದಲ್ಲಿ ಜನ ಮುಗಿಬೀಳುತ್ತಿದ್ದರು, ಸಂಜೆ ಆಯಾ ಊರಿನ ಸಾಮಾನ್ಯ ಜನರೇ ತೀರ್ಪುಗಾರರಾಗುತ್ತಿದ್ದರು. ಮೊದಲ ವರ್ಷ ಗೆದ್ದವರು ಚೆಲೆಂಟಾನೊ. ಸಾನ್ರೆಮೋದ ಔತಣದ ಸಭಾಂಗಣಕ್ಕೆ ಕಾಲಿಡಲಾಗದ ಹಳ್ಳಿಯವರು ತಮ್ಮ ಮೆಚ್ಚಿನ ಗಾಯಕರನ್ನು ಕಣ್ಣಾರೆ ಕಂಡದ್ದು ಇದರಿಂದ.

ವಿತ್ತೋರಿಯೊ ಸಲ್ವೆತ್ತಿ 1964ರಲ್ಲಿ ಆರಂಭಿಸಿದ ಫೆಸ್ತಿವಾಲ್‌ಬಾರ್‌ಗೆ ತೀರ್ಪುಗಾರರೇ ಬೇಕಿರಲಿಲ್ಲ. ಬೇಸಿಗೆಯುದ್ದಕ್ಕೂ ಬಾರ್‌ಗಳ ಜೂಕ್‌ಬಾಕ್ಸ್‌ಗಳಲ್ಲಿ ಯಾವ ಹಾಡಿಗೆ ಎಷ್ಟು ಬಾರಿ ನಾಣ್ಯ ಹಾಕಿದರೆಂದು ಎಣಿಸಿ, ಹೆಚ್ಚು ನುಡಿದದ್ದೇ ಗೆದ್ದಿತೆಂದು ಸಾರಲಾಗುತ್ತಿತ್ತು. ನನ್ನ ದೃಷ್ಟಿಯಲ್ಲಿ ಎಲ್ಲ ಸ್ಪರ್ಧೆಗಳಿಗಿಂತ ಪ್ರಾಮಾಣಿಕವಾದ ಅಳತೆ ಇದೇ, ಏಕೆಂದರೆ ಮತ ಹಾಕಿದವನು ತನ್ನ ಜೇಬಿನಿಂದ ಕಾಸು ಕೊಟ್ಟು ಹಾಕಿದ್ದ.

ಕಾನ್ಸೊನಿಸ್ಸಿಮಾ ರಾಯ್ ಟಿವಿಯ ಕಾರ್ಯಕ್ರಮ. ರಾಷ್ಟ್ರೀಯ ಲಾಟರಿಯೊಂದಿಗೆ ಅದನ್ನು ಗಂಟುಹಾಕಲಾಗಿತ್ತು. ಶರತ್ಕಾಲದಲ್ಲಿ ಶುರುವಾಗಿ ಜನವರಿ 6ರ ಎಪಿಫನಿ ಹಬ್ಬದಂದು ಮುಗಿಯುತ್ತಿತ್ತು, ಅಂಚೆ ಕಾರ್ಡುಗಳ ಮೂಲಕ ಪ್ರೇಕ್ಷಕರು ಮತ ಕಳುಹಿಸುತ್ತಿದ್ದರು. 1962ರಲ್ಲಿ ಇದರ ನಿರೂಪಣೆ ಮಾಡುತ್ತಿದ್ದ ದಾರಿಯೊ ಫೊ ಮತ್ತು ಫ್ರಾಂಕಾ ರಾಮೆ ದಂಪತಿ, ಕಟ್ಟಡ ಕಾರ್ಮಿಕರ ಸುರಕ್ಷತೆಯ ಬಗೆಗಿನ ಪ್ರಹಸನಕ್ಕೆ ಕತ್ತರಿ ಬಿದ್ದಾಗ ಕಾರ್ಯಕ್ರಮವನ್ನೇ ಬಿಟ್ಟು ನಡೆದರು. ಫೊ ಅವರಿಗೆ ಮುಂದೆ 1997ರಲ್ಲಿ ಸಾಹಿತ್ಯದ ನೊಬೆಲ್ ಬಂತು.

ಇವಲ್ಲದೆ ಅರಿಚ್ಚಾ ಎಂಬ ಊರಿನಲ್ಲಿ ಗಾಯಕ ತೆಡ್ಡಿ ರೆನೊ ನಡೆಸುತ್ತಿದ್ದ ಅಪರಿಚಿತರ ಉತ್ಸವದಿಂದ 1962ರಲ್ಲಿ ತುರೀನಿನ ಹದಿಹರೆಯದ ರೀತಾ ಪವೋನೆ ಬೆಳಕಿಗೆ ಬಂದರು. ಮಕ್ಕಳ ಹಾಡುಗಳಿಗಾಗಿ 1959ರಿಂದ ತ್ಸೆಕ್ಕೀನೊ ದೋರೊ ನಡೆಯುತ್ತಿದೆ.

ಸಾಹಿತ್ಯಕ್ಕೆ ಸೆನ್ಸಾರ್ ಇತ್ತೇ?

ಇತ್ತು. ಲುಚಿಯೊ ದಲ್ಲಾ 1971ರಲ್ಲಿ ಹಾಡಿ ಮೂರನೆಯ ಸ್ಥಾನ ಗಳಿಸಿದ ಹಾಡು ಇದಕ್ಕೆ ತಕ್ಕ ಉದಾಹರಣೆ. ಪಾವೊಲಾ ಪಲ್ಲೊತ್ತೀನೊ ಬರೆದ ಸಾಹಿತ್ಯ ಯುದ್ಧಕಾಲದಲ್ಲಿ ಪರದೇಶದ ಸೈನಿಕನಿಂದ ಬಸಿರಾದ ಹದಿನಾರರ ಹುಡುಗಿ ಮತ್ತು ಆಕೆಯ ಮಗನದು. "ಬಾಲ ಯೇಸು" ಎಂಬ ಮೂಲ ಶೀರ್ಷಿಕೆಯನ್ನು ಒಪ್ಪದ ಕಾರಣ ದಲ್ಲಾ ಅವರ ಜನ್ಮದಿನವಾದ "4 ಮಾರ್ಚ್ 1943" ಎಂಬುದನ್ನೇ ಹೆಸರಾಗಿ ಇಟ್ಟರು. ಕೊನೆಯಲ್ಲಿ ಬರುವ ಕಳ್ಳರು ಮತ್ತು ವೇಶ್ಯೆಯರನ್ನು ಬಂದರಿನ ಜನರನ್ನಾಗಿ ಮಾಡಲಾಯಿತು. ದಲ್ಲಾ ಆಮೇಲೆ ತಮ್ಮ ಕಛೇರಿಗಳಲ್ಲಿ ಮೂಲ ಸಾಲನ್ನೇ ಹಾಡುತ್ತಿದ್ದರು.

ವಿದೇಶಿ ಗಾಯಕರು ಅಲ್ಲಿ ಏನು ಮಾಡುತ್ತಿದ್ದರು?

1964ರಿಂದ ಜೋಡಿಯ ಒಬ್ಬ ಗಾಯಕ ವಿದೇಶಿಯಾಗಿರುವ ಪದ್ಧತಿಗೆ ಚಾಲನೆ ಸಿಕ್ಕಿತು. ಪಾಲ್ ಆಂಕಾ, ಜೀನ್ ಪಿಟ್ನಿ ಬಂದರು. 1966ರಲ್ಲಿ ಯಾರ್ಡ್‌ಬರ್ಡ್ಸ್, 1967ರಲ್ಲಿ ಶೆರ್, 1968ರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್, 1969ರಲ್ಲಿ ಸ್ಟೀವಿ ವಂಡರ್ ಹಾಡಿದರು. ಬತ್ತಿಸ್ತಿಯ ಹಾಡಿಗೆ ಜೋಡಿಯಾದವರು ವಿಲ್ಸನ್ ಪಿಕೆಟ್. ಇಟಾಲಿಯನ್ ಬಾರದವರು ಪದಗಳನ್ನು ಉರು ಹೊಡೆದು ಹಾಡುತ್ತಿದ್ದುದರಿಂದ ಉಚ್ಚಾರಣೆ ಕೆಲವೊಮ್ಮೆ ನಗೆ ತರಿಸುತ್ತದೆ. 1968ರಲ್ಲಿ ಸೆರ್ಜಿಯೊ ಎಂದ್ರಿಗೊ ಜೊತೆ ಗೆದ್ದ ಬ್ರೆಜಿಲಿನ ರೊಬೆರ್ತೊ ಕಾರ್ಲೋಸ್ ಮಾತ್ರ ಇದಕ್ಕೆ ದೊಡ್ಡ ಅಪವಾದ.

ಹೆಚ್ಚು ಬಾರಿ ಗೆದ್ದವರು ಯಾರು?

ವಿಲ್ಲಾ ಮತ್ತು ಮೊದುನ್ಯೊ, ತಲಾ 4 ಬಾರಿ. 1962ರಲ್ಲಿ ಇಬ್ಬರೂ ಒಂದೇ ಹಾಡಿನ ಜೋಡಿಯಾಗಿ ಗೆದ್ದರು. ಗಾಯಕಿಯರಲ್ಲಿ ಇವಾ ತ್ಸನಿಕ್ಕಿ 3 ಬಾರಿ ಗೆದ್ದಿದ್ದಾರೆ: 1967, 1969 ಮತ್ತು 1974.

ಈ ಸ್ಪರ್ಧೆಗಳ ಬಿಸಿ ಯಾವಾಗ ಆರಿತು?

1970ರ ದಶಕದ ಆರಂಭದಲ್ಲಿ. ಕೇಳುಗರು ಒಂದೊಂದು ಹಾಡಿನ ಪುಟ್ಟ ತಟ್ಟೆಯಿಂದ ಪೂರ್ಣ ಆಲ್ಬಮ್‌ಗಳತ್ತ ತಿರುಗಿದರು, ರಾಜಕೀಯವಾಗಿ ಎಚ್ಚೆತ್ತ ಯುವಜನರಿಗೆ ಸಾನ್ರೆಮೋ ಹಳೆಯ ಇಟಲಿಯ ಕುರುಹಾಗಿ ಕಂಡಿತು. 1973ರಿಂದ ರಾಯ್ ಅಂತಿಮ ರಾತ್ರಿಯನ್ನು ಮಾತ್ರ ಟಿವಿಯಲ್ಲಿ ತೋರಿಸತೊಡಗಿತು. ಕಾನ್ಸೊನಿಸ್ಸಿಮಾ ಆ ದಶಕದ ನಡುವೆ ಮುಗಿಯಿತು. ಸಾನ್ರೆಮೋ ಉತ್ಸವ 1977ರಲ್ಲಿ ಕ್ಯಾಸಿನೊ ಬಿಟ್ಟು ಅರಿಸ್ತೊನ್ ರಂಗಮಂದಿರಕ್ಕೆ ಹೋಯಿತು, ಅಲ್ಲೇ ಚೇತರಿಸಿಕೊಂಡಿತು.

ಇಟಾಲಿಯನ್ ಬಾರದವರು ಯಾವುದರಿಂದ ಕೇಳಲು ಆರಂಭಿಸಬೇಕು?

ವೊಲಾರೆಯಿಂದ ಆರಂಭಿಸುವುದು ಸುಲಭ, ಆದರೆ ಪ್ರಾರಂಭದ ನಿಧಾನ ಭಾಗವನ್ನು ಬಿಡದೆ ಕೇಳಬೇಕು. ಪಲ್ಲವಿಯ ನೆಗೆತ ತಿಳಿಯುವುದು ಅದರ ನಂತರವೇ. ಬಳಿಕ ಮೀನಾ 1960ರಲ್ಲಿ ಹಾಡಿದ, ಪಾವೊಲಿ ರಚನೆಯ "ಇಲ್ ಚೆಲೊ ಇನ್ ಉನಾ ಸ್ತಾನ್ಸಾ" ಮತ್ತು 1966ರ "ಸೆ ತೆಲೆಫೊನಾಂದೊ" ಕೇಳಬಹುದು. ಎರಡನೆಯದಕ್ಕೆ ರಾಗ ಹಾಕಿದವರು ಎನ್ನಿಯೊ ಮೊರ್ರಿಕೋನೆ. ಚಲನಚಿತ್ರಗಳಿಂದ ಜಗತ್ತಿಗೆ ಪರಿಚಿತರಾದ ಅವರು ಆ ವರ್ಷಗಳಲ್ಲಿ ಜನಪ್ರಿಯ ಹಾಡುಗಳ ವಾದ್ಯ ಸಂಯೋಜಕರಾಗಿಯೂ ಹಗಲಿರುಳು ದುಡಿಯುತ್ತಿದ್ದರು, ಪಾವೊಲಿಯವರ 1963ರ "ಸಪೋರೆ ದಿ ಸಾಲೆ"ಗೂ ವಾದ್ಯ ಸಂಯೋಜನೆ ಅವರದೇ. ಆಮೇಲೆ 1968ರ "ಅಜ್ಜುರ್ರೊ": ರಾಗ ಪಾವೊಲೊ ಕೋಂತೆಯವರದು, ಕಂಠ ಚೆಲೆಂಟಾನೊ ಅವರದು, ಬೇಸಿಗೆಯ ಒಂಟಿ ಮಧ್ಯಾಹ್ನದ ಬೇಸರ ಅದರ ವಸ್ತು. ಇವುಗಳಲ್ಲಿ ವೊಲಾರೆಯೊಂದನ್ನು ಬಿಟ್ಟು ಬೇರಾವುದೂ ಸಾನ್ರೆಮೋ ಗೆದ್ದ ಹಾಡಲ್ಲ.